ಕರೆಂಟ್ ಹೋದ ಮೂರನೇ ದಿನ

ಎಲ್ಲರಿಗೂ ಶರಣು ಶರಣಾರ್ಥಿ.

ಇಂಥ ಬಿಸಿಲಲ್ಲೂ ಬಂದಿದ್ದೀರಿ. ಬಾಗಿಲ ಹತ್ತಿರ ಗಡಿಗೆಯಲ್ಲಿ ನೀರು ಇಟ್ಟಿದ್ದಾರೆ, ಬೇಕಾದವರು ಎದ್ದು ಹೋಗಿ ಕುಡಿಯಿರಿ, ನಾನು ತಪ್ಪು ತಿಳಿಯುವುದಿಲ್ಲ. ಆ ಗಡಿಗೆಯ ಮಾತು ಮುಂದೆ ಬರುತ್ತದೆ.

ಮಿರಗದ ಮಳೆ ಕೂಡಲು ಇನ್ನು ಹತ್ತು ದಿನವೂ ಇಲ್ಲ. ಅದಕ್ಕೇ, ಮಳೆಗಾಳಿಗೆ ಕರೆಂಟ್ ಹೋದರೆ ಏನು ಮಾಡಬೇಕು ಅನ್ನುವ ಈ ಉಪನ್ಯಾಸ ಇವತ್ತೇ ಆಗಲಿ ಅಂತ ನಾನು ಹಟ ಹಿಡಿದೆ. ಕಂಬ ಬಿದ್ದ ಮೇಲೆ ಈ ಮಾತು ಆಡಿ ಏನು ಪ್ರಯೋಜನ?

31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ವಿದ್ಯುತ್ ಪಾಠ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಆದರೆ ವಿದ್ಯುತ್ ಇಲ್ಲದಿದ್ದರೆ ಏನಾಗುತ್ತದೆ ಅನ್ನುವ ಪಾಠ ನನಗೆ ಕಲಿಸಿದ್ದು ನಮ್ಮ ಅಕ್ಕನ ಊರು. ಭೀಮಾ ದಂಡೆಯ ಸಣ್ಣ ಊರು ಅದು.

2020ರ ಅಕ್ಟೋಬರ್ ಈ ಸಭೆಗೆ ನೆನಪಿಸಬೇಕಾಗಿಲ್ಲ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ 13ನೇ ತಾರೀಖು ಕಾಕಿನಾಡದ ಹತ್ತಿರ ದಡ ಹತ್ತಿತು. ತೆಲಂಗಾಣ ದಾಟಿ ನಮ್ಮ ತಲೆ ಮೇಲೆ ಬಂತು. ಸಮುದ್ರ ನಮಗೆ ಎಷ್ಟು ದೂರ, ಅಲ್ವಾ? ಆದರೂ ಬಂತು. ಮೇಲಿಂದ ಮಳೆ, ಆ ಕಡೆಯಿಂದ ಮಹಾರಾಷ್ಟ್ರದ ಡ್ಯಾಂಗಳ ನೀರು. ಅಫಜಲಪುರ, ಜೇವರ್ಗಿ ಕಡೆ ಭೀಮೆ ಊರೊಳಗೇ ಬಂದಳು. ನಮ್ಮ ಅಕ್ಕನ ಓಣಿಯವರು ಎರಡು ದಿನ ಶಾಲೆಯಲ್ಲಿ ಇದ್ದು ಮನೆಗೆ ಮರಳಿದರು. ಮೊಣಕಾಲುದ್ದ ಕೆಸರು. ಕರೆಂಟ್ ಇಲ್ಲ. ಒಂಬತ್ತು ದಿನ ಬರಲಿಲ್ಲ.

ಮೊದಲ ದಿನ ಎಲ್ಲರಿಗೂ ಬೆಳಕಿನದೇ ಚಿಂತೆ. ಅಟ್ಟದ ಮೇಲಿನ ಕಂದೀಲು ಇಳಿಸಿದರು, ಚಿಮಣಿ ಹುಡುಕಿದರು. ಎರಡನೇ ದಿನ ಮೊಬೈಲು. ಒಬ್ಬರ ಟ್ರ್ಯಾಕ್ಟರ್ ಬ್ಯಾಟರಿಗೆ ವೈರು ಹಚ್ಚಿ ಹದಿನೈದು ಮೊಬೈಲು ಚಾರ್ಜ್ ಮಾಡಿದರು. ನಮ್ಮ ಹುಡುಗರ ಜಾಣತನ ಇಂಥ ಹೊತ್ತಿನಲ್ಲೇ ನೋಡಬೇಕು. ಮೂರನೇ ದಿನ ಹಿಟ್ಟು ಮುಗಿಯಿತು.

ನಾನು ಹೇಳಬೇಕೆಂದು ಬಂದದ್ದು ಈ ಮೂರನೇ ದಿನದ ಕತೆ. ಸ್ವಲ್ಪ ಉದ್ದವಾದರೂ ಕೇಳಿ.

ಹಿಟ್ಟು ಮುಗಿದರೆ ಏನು, ಗಿರಣಿಗೆ ಹೋದರಾಯಿತು. ಆದರೆ ಗಿರಣಿ ನಡೆಯುವುದೇ ಕರೆಂಟಿನ ಮೇಲೆ. ಊರಿನ ಒಂದೇ ಗಿರಣಿ, ಅದರ ಮೋಟಾರಿನಲ್ಲಿ ಕೆಸರು. ಅಟ್ಟದ ಮೇಲೆ ಜೋಳ ಒಣಗಿಯೇ ಇತ್ತು, ಚೀಲ ಚೀಲ. ರೊಟ್ಟಿ ಮಾಡಲು ಹಿಟ್ಟಿಲ್ಲ. ಪರಿಹಾರದ ಅಕ್ಕಿ ಬಂತು, ಅದಕ್ಕೆ ನಾವು ಋಣಿ. ಆದರೆ ಎರಡು ಹೊತ್ತು ಅನ್ನ ಉಂಡ ನಮ್ಮ ಭಾವ ಮೂರನೇ ಹೊತ್ತಿಗೆ ಕೇಳಿದರು, "ರೊಟ್ಟಿ ಯಾವಾಗ ಮಾಡ್ತೀರಿ?" ನಗಬೇಡಿ. ಈ ಸಭೆಯಲ್ಲಿ ಎಷ್ಟು ಗಂಡಸರು ಹಾಗೆ ಕೇಳುವವರಿದ್ದೀರಿ ಅಂತ ನನಗೆ ಗೊತ್ತಿದೆ.

ಆಗ ಅಕ್ಕನ ಅತ್ತೆಗೆ ಹಿತ್ತಲಿನ ಬೀಸುವ ಕಲ್ಲು ನೆನಪಾಯಿತು. ಎಂಬತ್ತು ದಾಟಿದ ಮುದುಕಿ. ಬೇವಿನ ಮರದ ಕೆಳಗೆ ಕಲ್ಲು ಬಿದ್ದಿತ್ತು, ಮಕ್ಕಳು ಅದರ ಮೇಲೆ ಕೂತು ಆಡುತ್ತಿದ್ದರು. ಗೂಟ ಯಾವಾಗಲೋ ಮುರಿದು ಹೋಗಿತ್ತು. ಜಾಲಿ ಕೊರಡು ಕೆತ್ತಿ ಹೊಸ ಗೂಟ ಬಡಿದರು. ಕಲ್ಲು ತೊಳೆದರು. ಮೊದಲು ನಾಲ್ಕು ಹಿಡಿ ಜೋಳ ಬೀಸಿ ಆ ಹಿಟ್ಟು ಚೆಲ್ಲಿದರು, ಮಣ್ಣು ಹೋಗಲಿ ಅಂತ. ಆಮೇಲೆ ಸೊಸೆಯಂದಿರು ಕೂತರು. ಯಾರಿಗೂ ಬರಲಿಲ್ಲ! ಒಮ್ಮೆಲೇ ಜಾಸ್ತಿ ಕಾಳು ಹಾಕಿದರೆ ರವೆ ಬೀಳುತ್ತದೆ, ಕಡಿಮೆ ಹಾಕಿದರೆ ಕಲ್ಲಿಗೆ ಕಲ್ಲು ತಿಕ್ಕುತ್ತದೆ. ರವೆ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಒಡೆಯುತ್ತದೆ. ಮುದುಕಿ ಮಂಚದ ಮೇಲೆ ಕೂತೇ ಹೇಳಿದಳು, "ಹಿಡಿ ತುಂಬ ಹಾಕಬ್ಯಾಡವ್ವ, ಅರ್ಧ ಹಿಡಿ ಹಾಕು. ಕಲ್ಲಿನ ಸಪ್ಪಳ ಕೇಳು, ಅದೇ ಹೇಳ್ತದ." ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಸಣ್ಣಗೆ ಬೀಳತೊಡಗಿತು. ಓಣಿಯ ಹೆಂಗಸರೆಲ್ಲ ಜೋಳ ತಂದು ಸಾಲು ಹಿಡಿದರು. ಇಬ್ಬಿಬ್ಬರು ಎದುರು ಬದುರು ಕೂತು ಬೀಸುವುದು, ಉಳಿದವರು ಮಾತಾಡುವುದು. ಒಬ್ಬಳು ಹಳೆಯ ಪದ ಶುರು ಮಾಡಿದಳು, ಅರ್ಧ ಮರೆತು ನಿಂತಳು, ಮುದುಕಿ ಉಳಿದರ್ಧ ಹಾಡಿ ಮುಗಿಸಿದಳು.

ಆ ಸಾಲಿನಲ್ಲೇ ಮೂರನೇ ಮನೆಯ ಸೊಸೆ ಸುಮ್ನೆ ಮಾತಿನ ನಡುವೆ ಅಂದಳು, "ನಮ್ಮ ಮಾವಂದು ಸಕ್ಕರಿ ಇಂಜೆಕ್ಷನ್ ಫ್ರಿಜ್‌ದಾಗ ಅದ. ಕರೆಂಟ್ ಇಲ್ಲ, ಕೆಟ್ಟಿರ್ತದ ಅಂತ ಮಾವ ಎರಡು ದಿನದಿಂದ ಚುಚ್ಚಿಕೊಂಡೇ ಇಲ್ಲ."

ಬೀಸುವ ಕಲ್ಲು ಅಲ್ಲೇ ನಿಂತಿತು.

ಆ ಓಣಿಯಲ್ಲಿ ಹದಿನಾಲ್ಕು ಮನೆ. ಎಲ್ಲರೂ ಎಲ್ಲರಿಗೂ ಬೇಕಾದವರೇ. ಆದರೂ ಆ ವಿಷಯ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಓಣಿಯ ಆಶಾ ಕಾರ್ಯಕರ್ತೆ ಬಂದಳು. ಹಿರಿಯರು ಮಲಗಿದ್ದಲ್ಲೇ ಮಲಗಿದ್ದರು, ಮಾತು ತೊದಲುತ್ತಿತ್ತು, ನೀರು ನೀರು ಅನ್ನುತ್ತಿದ್ದರು. ಟ್ರ್ಯಾಕ್ಟರ್ ಮೇಲೆ ಆಸ್ಪತ್ರೆಗೆ ಒಯ್ದರು. ಉಳಿದರು. ಇವತ್ತಿಗೂ ಚೆನ್ನಾಗಿದ್ದಾರೆ. ಇನ್ನೊಂದು ದಿನ ತಡವಾಗಿದ್ದರೆ ನಾನು ಈ ಕತೆಯನ್ನು ನಿಮ್ಮ ಮುಂದೆ ಹೇಳುತ್ತಿರಲಿಲ್ಲ.

ಕಂದೀಲು ಹುಡುಕಿದೆವು, ಮೊಬೈಲು ಚಾರ್ಜ್ ಮಾಡಿದೆವು. ಓಣಿಯಲ್ಲಿ ಯಾರಿದ್ದಾರೆ, ಯಾರಿಗೆ ಏನು ಬೇಕು ಅಂತ ಕೇಳಲಿಲ್ಲ. ಕರೆಂಟ್ ಹೋದರೆ ಮೊದಲು ದೀಪ ಹುಡುಕಬೇಡಿ, ಮೊದಲು ಓಣಿಯಲ್ಲಿ ಕೇಳಿ. ಇದನ್ನೇ ಇವತ್ತು ಇನ್ನೊಂದು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆ ಇಂಜೆಕ್ಷನ್ ನಿಜಕ್ಕೂ ಕೆಟ್ಟಿತ್ತಾ? ಇಲ್ಲ. ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ತೆರೆಯದ ಇನ್ಸುಲಿನ್ ಇಡಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ, ಅದು ಸರಿ. ಆದರೆ ಫ್ರಿಜ್ ನಿಂತ ಕೂಡಲೇ ಅದು ನೀರಾಗಿ ಹೋಗುವುದಿಲ್ಲ. ಜಿನೀವಾ ವಿಶ್ವವಿದ್ಯಾಲಯದವರು ಮತ್ತು ಎಂಎಸ್‌ಎಫ್ ಅನ್ನುವ ಅಂತರರಾಷ್ಟ್ರೀಯ ಸೇವಾ ಸಂಸ್ಥೆಯ ವೈದ್ಯರು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೀನ್ಯಾದ ನಿರಾಶ್ರಿತರ ಶಿಬಿರದಲ್ಲಿ ಇರುವಂಥ 25ರಿಂದ 37 ಡಿಗ್ರಿ ಏರಿಳಿತದಲ್ಲಿ ನಾಲ್ಕು ವಾರ ಇಟ್ಟು ನೋಡಿದರು. ಇನ್ಸುಲಿನ್ ಬಲ ತಣ್ಣಗಿಟ್ಟದ್ದರಷ್ಟೇ ಇತ್ತು. ಹಾಗಂತ ನಮ್ಮ ಮೇ ತಿಂಗಳ 43 ಡಿಗ್ರಿಯಲ್ಲಿ ಕಿಟಕಿ ಮೇಲೆ ಇಡಬೇಡಿ. ಇಲ್ಲಿ ಗಡಿಗೆ ಬರುತ್ತದೆ. ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ, ನಡುವೆ ಹಸಿ ಉಸುಕು, ಮೇಲೆ ಒದ್ದೆ ಬಟ್ಟೆ. ಇನ್ಸುಲಿನ್ ನೀರು ಹೋಗದ ಡಬ್ಬಿಯಲ್ಲಿ, ಒಳಗೆ. ನೆರಳಲ್ಲಿ, ಗಾಳಿಯಲ್ಲಿ ಇಡಿ. ಒಣ ಬಿಸಿಲಿದ್ದಾಗ ಚೆನ್ನಾಗಿ ತಣ್ಣಗಾಗುತ್ತದೆ, ಮಳೆಗಾಲದ ತೇವದಲ್ಲಿ ಸ್ವಲ್ಪ ಕಡಿಮೆ. ಬರ್ಫದ ಮೇಲೆ ನೇರವಾಗಿ ಇಡಬೇಡಿ, ಗಟ್ಟಿಯಾದ ಇನ್ಸುಲಿನ್ ಬಿಸಾಡಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ವೈದ್ಯರನ್ನು ಕೇಳದೆ ಚುಚ್ಚಿಕೊಳ್ಳುವುದನ್ನು ನಿಲ್ಲಿಸಬೇಡಿ. ಆ ಹಿರಿಯರನ್ನು ಮಲಗಿಸಿದ್ದು ಕತ್ತಲೆಯಲ್ಲ, ಕೆಟ್ಟಿರಬಹುದು ಅನ್ನುವ ಹೆದರಿಕೆ.

ಒಂಬತ್ತು ದಿನಕ್ಕೇ ನಮಗೆ ಹೀಗಾಯಿತು. ಹನ್ನೊಂದು ತಿಂಗಳು ಆದರೆ?

ಅಮೆರಿಕದ ಕಡೆ ಹರಿಕೇನ್ ಅನ್ನುತ್ತಾರೆ, ನಾವು ಚಂಡಮಾರುತ ಅನ್ನುತ್ತೇವೆ. ಒಂದೇ ಗಾಳಿ, ಸಮುದ್ರ ಬೇರೆ. 2017ರ ಸೆಪ್ಟೆಂಬರ್ 20ಕ್ಕೆ ಮರಿಯಾ ಅನ್ನುವ ಹರಿಕೇನ್ ಪೋರ್ಟೊ ರಿಕೊ ದ್ವೀಪದ ಮೇಲೆ ಬಿತ್ತು. ಇಡೀ ದ್ವೀಪದಲ್ಲಿ ಕರೆಂಟ್ ಹೋಯಿತು. ಅಲ್ಲಿ ವಿದ್ಯುತ್ ತಯಾರಾಗುವುದು ಹೆಚ್ಚಾಗಿ ದಕ್ಷಿಣದಲ್ಲಿ, ಜನ ಹೆಚ್ಚಿರುವುದು ಉತ್ತರದಲ್ಲಿ. ನಡುವೆ ಗುಡ್ಡ, ಗುಡ್ಡದ ಮೇಲೆ ಲೈನು. ಲೈನು ಬಿದ್ದಿತು, ದಾರಿಯೂ ಕುಸಿಯಿತು. ಕೊನೆಯ ಮನೆಗಳಿಗೆ ಬೆಳಕು ಬರುವಷ್ಟರಲ್ಲಿ 2018ರ ಆಗಸ್ಟ್.

ಸತ್ತವರು 64 ಅಂತ ಸರ್ಕಾರ ಮೊದಲು ಹೇಳಿತು. ಆಮೇಲೆ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದರು. 2,975. ಸರ್ಕಾರವೂ ಅದನ್ನೇ ಒಪ್ಪಿಕೊಂಡಿತು. ಅವರು ಎಣಿಸಿದ್ದು ಗಾಳಿ ಬಿದ್ದ ದಿನದ ಸಾವನ್ನಷ್ಟೇ ಅಲ್ಲ, ಮುಂದಿನ ಐದಾರು ತಿಂಗಳಲ್ಲಿ ಎಂದಿಗಿಂತ ಹೆಚ್ಚಾಗಿ ಆದ ಸಾವುಗಳನ್ನು. ಅದರಲ್ಲಿ ವಯಸ್ಸಾದವರು, ಬಡವರು ಜಾಸ್ತಿ. ನಮ್ಮ ಮೂರನೇ ಮನೆಯ ಹಿರಿಯರಂಥವರು.

ಅದೇ ದ್ವೀಪದ ಗುಡ್ಡದಲ್ಲಿ ಅಡ್ಹುಂತಾಸ್ ಅಂತ ಒಂದು ಊರಿದೆ. ಅಲ್ಲಿ ಕಾಸಾ ಪುಯೆಬ್ಲೊ, ಅಂದರೆ ಊರ ಮನೆ, ಅಂತ ಒಂದು ಸಂಘ. ಆ ಮನೆಯ ಮೇಲೆ ಮೊದಲೇ ಸೋಲಾರ್ ಇತ್ತು. ಸುತ್ತಲೂ ಕತ್ತಲೆ ಇದ್ದಾಗ ಅಲ್ಲಿ ಕರೆಂಟ್ ಇತ್ತು. ಜನ ಉಸಿರಾಟದ ಯಂತ್ರ ಹೊತ್ತುಕೊಂಡು ಬಂದರು, ಮೊಬೈಲು ತಂದರು. ಸಂಘದವರು ಸಾವಿರಾರು ಸೋಲಾರ್ ದೀಪ ಹಂಚಿದರು. ಮನೆ ಮನೆಗೂ ಸೋಲಾರ್ ಹಾಕಿಸುವ ಶಕ್ತಿ ನಮ್ಮ ಓಣಿಗಳಿಗೆ ಇಲ್ಲ, ಒಪ್ಪುತ್ತೇನೆ. ಓಣಿಗೆ ಒಂದು? ಗುಡಿಗೆ, ದರ್ಗಾಕ್ಕೆ, ಅಂಗನವಾಡಿಗೆ ಒಂದು? ಕೂತು ಮಾತಾಡಿದರೆ ಆಗದ ಕೆಲಸವಲ್ಲ.

ಚೀಟಿ ಬಂತು. ಹತ್ತು ನಿಮಿಷ ಅಂತೆ. ಇನ್ನೂ ಆರು ವಿಷಯ ಬರೆದುಕೊಂಡು ಬಂದಿದ್ದೇನೆ, ಬೇಗ ಹೇಳುತ್ತೇನೆ.

ನೀರು. ಕರೆಂಟ್ ಇಲ್ಲ ಅಂದರೆ ಬೋರಿನ ಮೋಟಾರಿಲ್ಲ, ಮೋಟಾರಿಲ್ಲ ಅಂದರೆ ನಲ್ಲಿಯಿಲ್ಲ. ಬೀದರಿನವರು ಯಾರಿದ್ದೀರಿ? ಕೈ ಎತ್ತಿ. ನಿಮ್ಮ ನೌಬಾದಿನ ಕರೇಜ್ ನೋಡಿದ್ದೀರಾ? ಬಹಮನಿ ಸುಲ್ತಾನರ ಕಾಲದ್ದು. ನೆಲದೊಳಗೆ ಕೆಂಪು ಜಂಬಿಟ್ಟಿಗೆ ಕೊರೆದು ಕಾಲುವೆ ಮಾಡಿದ್ದಾರೆ, ಗಾಳಿ ಬೆಳಕಿಗೆ ಮೇಲೆ ಬಾವಿಯಂಥ ಕಿಂಡಿಗಳು. ನೀರು ಇಳಿಜಾರಿನಲ್ಲಿ ತಾನೇ ಹರಿಯುತ್ತದೆ, ಮೋಟಾರು ಬೇಡ. ಅದರ ಬಗ್ಗೆ ಒಂದು ದಿನ ಪೂರ್ತಿ ಮಾತಾಡಬೇಕೆಂಬ ಆಸೆ ನನಗೆ. ಇರಲಿ. ನಿಮ್ಮ ಓಣಿಯ ಕೈಪಂಪು ನಡೆಯುತ್ತದಾ ಅಂತ ಇವತ್ತೇ ನೋಡಿ. ಕೆಟ್ಟಿದ್ದರೆ ಮಳೆಗೆ ಮೊದಲೇ ದೂರು ಕೊಡಿ. ನೆರೆ ಬಂದ ಮೇಲಿನ ನೀರನ್ನು ಸೋಸಿ, ಕುದಿಸಿ, ಗುಳ್ಳೆ ಎದ್ದು ಒಂದು ನಿಮಿಷ ಚೆನ್ನಾಗಿ ಕುದಿಯಲಿ.

ಇನ್ವರ್ಟರ್. ಇದು ನನ್ನ ಪಾಠ, ಬಿಡುವುದಿಲ್ಲ. 150 ಎಎಚ್, ಅಂದರೆ ಆಂಪಿಯರ್ ಅವರ್, ಬ್ಯಾಟರಿ, 12 ವೋಲ್ಟ್, ಗುಣಿಸಿದರೆ 1,800 ವ್ಯಾಟ್ ಅವರ್. ಪೂರ್ತಿ ಸಿಗುವುದಿಲ್ಲ, 1,200 ಅಂತ ಹಿಡಿಯಿರಿ. ನಾಲ್ಕು ಫ್ಯಾನು, ಟಿವಿ ಸೇರಿ 400 ವ್ಯಾಟ್ ಹಚ್ಚಿದರೆ ಮೂರು ತಾಸಿಗೆ ಖಾಲಿ. ಅದೇ ಬ್ಯಾಟರಿಯಲ್ಲಿ ಒಂದೇ ಒಂದು 9 ವ್ಯಾಟಿನ ಎಲ್‌ಇಡಿ ರಾತ್ರಿಗೆ ಮೂರು ತಾಸು ಉರಿಸಿ, ಉಳಿದ ಹೊತ್ತು ಇನ್ವರ್ಟರನ್ನೇ ಆಫ್ ಮಾಡಿದರೆ, ಹತ್ತು ರಾತ್ರಿ ದಾಟುತ್ತದೆ. ಕರೆಂಟ್ ಹೋದ ಮೊದಲ ತಾಸಿನಲ್ಲೇ ಆ ನಿರ್ಧಾರ ಮಾಡಬೇಕು.

ಜನರೇಟರ್ ಮನೆಯೊಳಗೆ, ಪಡಸಾಲೆಯಲ್ಲಿ, ಕಿಟಕಿ ಪಕ್ಕ ಇಡಲೇಬೇಡಿ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ. 2020ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಲಾರಾ ಹರಿಕೇನ್ ಆದಾಗ ಗಾಳಿಗಿಂತ ಈ ಹೊಗೆಯಿಂದಲೇ ಹೆಚ್ಚು ಜನ ಸತ್ತರು. ಇದ್ದಿಲಿನ ಒಲೆಗೂ ಇದೇ ಮಾತು. ಜನರೇಟರನ್ನು ಮನೆಯ ವೈರಿಂಗಿಗೆ ಹಚ್ಚುವವರು ಮೇನ್ ಆಫ್ ಮಾಡದಿದ್ದರೆ ಕರೆಂಟ್ ಹಿಂದಕ್ಕೆ ಲೈನಿಗೆ ಹೋಗುತ್ತದೆ. ಅಲ್ಲಿ ಕಂಬದ ಮೇಲೆ ಲೈನ್‌ಮನ್ ಇರುತ್ತಾನೆ.

ಲೈನ್‌ಮನ್ ಅಂದ ಕೂಡಲೇ ಒಂದು ಮಾತು. ನಮ್ಮದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಕಂಬ ವಾಲುತ್ತದೆ. ಹೊಲದೊಳಗೆ ಗಾಡಿ ಹೋಗುವುದಿಲ್ಲ, ಕಂಬವನ್ನು ಆಳುಗಳೇ ಹೆಗಲ ಮೇಲೆ ಹೊರಬೇಕು. ನೀರಲ್ಲಿ ಮುಳುಗಿದ ಟಿಸಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು, ಹಾಗೇ ಚಾಲೂ ಮಾಡಲಾಗುವುದಿಲ್ಲ, ಅದರ ಎಣ್ಣೆಗೆ ನೀರು ಸೇರಿರುತ್ತದೆ. ರಿಪೇರಿ ಆಗುವುದು ಮೊದಲು ವಿದ್ಯುತ್ ಸಬ್‌ಸ್ಟೇಷನ್, ಆಮೇಲೆ 11 ಕೆವಿ ಲೈನು, ಆಮೇಲೆ ಟಿಸಿ, ಕೊನೆಗೆ ನಮ್ಮ ಮನೆ. ಅಕ್ಕನ ಊರಿಗೆ ಬಂದ ಹುಡುಗರು ಎರಡು ದಿನದಿಂದ ಬಟ್ಟೆ ಬದಲಿಸಿರಲಿಲ್ಲ. ಅವರಿಗೆ ಬೈಯುವ ಬದಲು ಆ ಬೀಸುವ ಕಲ್ಲಿನ ಹಿಟ್ಟಿನ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು ನಮ್ಮ ಅಕ್ಕ. ಬಿದ್ದ ವೈರು ಕಂಡರೆ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಒಣಗಿಸಿದ ಕಟಕ್ ರೊಟ್ಟಿ ಮಾಡಿಡಿ, ತಿಂಗಳು ಕೆಡುವುದಿಲ್ಲ. ಫ್ರಿಜ್ ಬಾಗಿಲು ತೆಗೆಯದಿದ್ದರೆ ನಾಲ್ಕು ತಾಸು ತಣ್ಣಗಿರುತ್ತದೆ. ಮೊಬೈಲಿನ ನಂಬರುಗಳನ್ನು ಕಾಗದದ ಮೇಲೂ ಬರೆದಿಡಿ. ಉಳಿದದ್ದನ್ನು ಬಿಡುತ್ತೇನೆ, ಹೊತ್ತಾಯಿತು.

ಇನ್ನೊಂದು ಸಲ ಹೇಳುವುದು ಬಾಕಿ ಇದೆ, ಅದನ್ನು ಹಾಳೆಯ ಮೇಲೆ ಹೇಳುತ್ತೇನೆ. ಬಾಗಿಲ ಹತ್ತಿರ, ಆ ಗಡಿಗೆಯ ಪಕ್ಕದ ಮೇಜಿನ ಮೇಲೆ ಖಾಲಿ ಹಾಳೆ ಇವೆ. ಒಂದೊಂದು ತೆಗೆದುಕೊಳ್ಳಿ. ನಿಮ್ಮ ಓಣಿಯ ಎಲ್ಲ ಮನೆಗೂ ಹೋಗಿ, ಜಗಳವಾಡಿದ ಮನೆಗೂ. ಇನ್ಸುಲಿನ್ ಯಾರಿಗಿದೆ, ಆಕ್ಸಿಜನ್ ಯಂತ್ರ ಯಾರಿಗಿದೆ, ಡಯಾಲಿಸಿಸ್‌ಗೆ ಯಾರು ಹೋಗುತ್ತಾರೆ, ಬಸುರಿ ಯಾರು, ಒಬ್ಬರೇ ಇರುವ ಮುದುಕರು ಯಾರು. ಯಾರ ಹಿತ್ತಲಲ್ಲಿ ಬೀಸುವ ಕಲ್ಲಿದೆ ಅನ್ನುವುದನ್ನೂ ಬರೆಯಿರಿ. ಹಾಳೆಯನ್ನು ಗೋಡೆಗೆ ಅಂಟಿಸಬೇಡಿ, ಅದು ಅವರವರ ಮನೆಯ ವಿಷಯ. ಓಣಿಯ ಇಬ್ಬರು ಮೂವರ ಕೈಯಲ್ಲಿ, ಆಶಾ ಕಾರ್ಯಕರ್ತೆಯ ಕೈಯಲ್ಲಿ ಇರಲಿ.

ಪೆನ್ ಇಲ್ಲದವರಿಗೆ ಹಿಂದಿನ ಸಾಲಿನ ಹುಡುಗಿಯರು ಕೊಡುತ್ತಾರೆ. ಬಿಸಿಲು ಇಳಿದ ಮೇಲೆ ಹೋಗಿ, ಈಗ ಹೋದರೆ ಎಲ್ಲರೂ ಮಲಗಿರುತ್ತಾರೆ.