ಕಂಪ್ಯೂಟರ್ ಕೊಳ್ಳುವ ಮೊದಲು ಅದರ ಬೆನ್ನು ನೋಡಿ!

ನಮಸ್ಕಾರ ರೀ ಎಲ್ಲರಿಗೂ, ಕಲಬುರಗಿಯಿಂದ ಮಾತಾಡುತ್ತಿದ್ದೇನೆ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಯಣ್ಣಾ, ಪೋರ್ಟ್ ಯಾವುದಾದ್ರೇನ್ರಿ, ಚುಚ್ಚಿದ್ರ ನಡೀತದ. ಸುಮ್ನೆ ಮಂದೀಗಿ ಹೆದರಸಬ್ಯಾಡ್ರಿ." ಅದಕ್ಕೆ ಲೈಕ್ ಮೇಲೆ ಲೈಕ್ ಬೇರೆ. ಓದಿ ತಲೆ ಕೆಟ್ಟುಹೋಯಿತು. ಚುಚ್ಚಿದರೆ ನಡೆಯುತ್ತದೆ, ಸರಿ. ಹೇಗೆ ನಡೆಯುತ್ತದೆ? ಓಡುತ್ತದಾ, ತೆವಳುತ್ತದಾ? ಅದನ್ನು ಕೇಳುವವರೇ ಇಲ್ಲ, ಅದಕ್ಕೇ ಇವತ್ತು ಪೂರ್ತಿ ಇದೇ ಮಾತು.

ನನ್ನ ಮಾತು ಒಂದೇ. ಡೆಸ್ಕ್‌ಟಾಪ್ ಕೊಳ್ಳುವಾಗ, ದುಡ್ಡು ಕೊಡುವ ಮೊದಲು, ಸಿಪಿಯು ಡಬ್ಬಾ ತಿರುಗಿಸಿ ಹಿಂದೆ ನೋಡಿ. ವೈರು, ಪೆನ್‌ಡ್ರೈವ್ ಚುಚ್ಚುವ ತೂತುಗಳಿವೆಯಲ್ಲ, ಅವೇ ಪೋರ್ಟುಗಳು. ಪೋರ್ಟಿನ ಆಕಾರ ಅಲ್ಲ, ಬಣ್ಣ ಅಲ್ಲ. ಪಕ್ಕದಲ್ಲಿ ಏನು ಬರೆದಿದೆ ಅಂತ ಓದಿ.

ನಮ್ಮ ಜನ ಅಂಗಡಿಗೆ ಹೋಗಿ ಏನು ಕೇಳುತ್ತಾರೆ? ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಒಳಗೆ ಲೈಟ್ ಹತ್ತುತ್ತದಾ. ಲೈಟ್! ನಮ್ಮ ನೆಹರು ಗಂಜ್‌ನಲ್ಲಿ ತೊಗರಿ ಕೊಳ್ಳುವವರು ಚೀಲದೊಳಗೆ ಕೈ ಹಾಕಿ ಮುಷ್ಟಿ ತೆಗೆದು ನೋಡದೆ ರೇಟು ಹೇಳುತ್ತಾರಾ? ಅಂಥ ಊರಿನವರು ನಾವು. ಕಂಪ್ಯೂಟರ್ ಅಂದ ಕೂಡಲೇ ಮುಂದಿನ ಗಾಜು ನೋಡಿ ದುಡ್ಡು ಎಣಿಸಿಬಿಡುತ್ತೇವೆ. ರ‍್ಯಾಮ್ ನಾಳೆ ಹಾಕಿಸಬಹುದು, ಫೈಲು ಕೂಡಿಡುವ ಎಸ್‌ಎಸ್‌ಡಿ ಬದಲಿಸಬಹುದು. ಹಿಂದಿನ ಪೋರ್ಟುಗಳು ಒಳಗಿನ ಮದರ್‌ಬೋರ್ಡಿಗೇ ಬೆಸುಗೆ ಹಾಕಿ ಕೂಡಿಸಿದವು. ಬೋರ್ಡ್ ಇರುವ ತನಕ ಅವೇ ಪೋರ್ಟು, ಅದೇ ಸ್ಪೀಡು. ಬೇಕಾದರೆ ಬೇರೆ ಕಾರ್ಡ್ ಹಾಕಿಸಬಹುದು, ಅದು ಮತ್ತೆ ನಿಮ್ಮದೇ ದುಡ್ಡು.

ಸೂಪರ್ ಮಾರ್ಕೆಟ್ ಹತ್ತಿರ ನನ್ನ ಗೆಳೆಯನೊಬ್ಬನ ಫೋಟೋ ಸ್ಟುಡಿಯೋ ಇದೆ. ಮದುವೆ ಸೀಸನ್‌ನಲ್ಲಿ ಅವನಿಗೆ ಉಸಿರಾಡಲು ಪುರುಸೊತ್ತಿಲ್ಲ. ಒಂದು ಮದುವೆ ವಿಡಿಯೋ ಅಂದರೆ 100 ಜಿಬಿ ಸಲೀಸಾಗಿ ಆಗುತ್ತದೆ. ಫಾಸ್ಟ್ ಇರುವ ಹೊರಗಿನ ಎಸ್‌ಎಸ್‌ಡಿ ತಂದಿದ್ದಾನೆ, ಒಳ್ಳೆ ದುಡ್ಡು ಕೊಟ್ಟು. ಕಾಪಿ ಹಚ್ಚಿದರೆ ಮುಕ್ಕಾಲು ಗಂಟೆ. "ಈ ಎಸ್‌ಎಸ್‌ಡಿ ಡೂಪ್ಲಿಕೇಟ್ ಅದ" ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೊರಟಿದ್ದ. ಹೋಗಿ ನೋಡಿದರೆ ಎಸ್‌ಎಸ್‌ಡಿ ಸರಿಯಾಗಿಯೇ ಇದೆ, ಚುಚ್ಚಿದ್ದು ಕಪ್ಪು ಪೋರ್ಟಿಗೆ, ಅವನ ಬೋರ್ಡಿನಲ್ಲಿ ಅದು ಯುಎಸ್‌ಬಿ 2.0. ಅದು 2000ನೇ ಇಸವಿಯದು, ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಎಂಟರಿಂದ ಭಾಗಿಸಿ, 60 ಮೆಗಾಬೈಟ್. ಅದೂ ಕಾಗದದ ಮೇಲೆ, ಕೈಗೆ ಸಿಗುವುದು 35ರ ಆಸುಪಾಸು. ಅದೇ ಬೋರ್ಡಿನಲ್ಲಿ ಎರಡು ಬೆರಳು ಪಕ್ಕಕ್ಕೆ ಇನ್ನೊಂದು ಪೋರ್ಟ್ ಖಾಲಿ ಇತ್ತು, 2008ರಲ್ಲಿ ಬಂದ 3.0 ತಲೆಮಾರಿನದು, ಸೆಕೆಂಡಿಗೆ 5 ಗಿಗಾಬಿಟ್, ಅಂದರೆ 5000 ಮೆಗಾಬಿಟ್. ಅಲ್ಲಿ ಚುಚ್ಚಿದೆ. ಐದು ನಿಮಿಷದೊಳಗೆ ಕಾಪಿ ಮುಗಿಯಿತು. ಒಂದೇ ಎಸ್‌ಎಸ್‌ಡಿ, ಒಂದೇ ಕಂಪ್ಯೂಟರ್. ಚುಚ್ಚಿದರೆ ನಡೆಯುತ್ತದೆ ಅಂದವರೇ, ಅವನ ಅಷ್ಟು ದಿನದ ಟೈಮು ಯಾರು ವಾಪಸ್ ಕೊಡುತ್ತಾರೆ ಹೇಳಿ?

ಒಂದು ಸಣ್ಣ ಮಾತು ಇಲ್ಲೇ ಹೇಳಿಬಿಡುತ್ತೇನೆ. 3.0 ಪೋರ್ಟಿಗೆ ಚುಚ್ಚುವಾಗ ಮೆಲ್ಲಗೆ, ಅರ್ಧರ್ಧ ತಳ್ಳಬೇಡಿ. 2.0 ಪಿನ್ನುಗಳು ಮೊದಲು ತಾಗುತ್ತವೆ, ಹೊಸ ಐದು ಪಿನ್ನು ಒಳಗೆ ಹಿಂದಿವೆ. ನಿಧಾನಕ್ಕೆ ತಳ್ಳಿದರೆ ಕಂಪ್ಯೂಟರ್ ಅದನ್ನು 2.0 ಅಂತಲೇ ಹಿಡಿದು ಕೂರಬಹುದು. ಸ್ಪೀಡ್ ಕಡಿಮೆ ಕಂಡರೆ ತೆಗೆದು, ಒಂದೇ ಸಲಕ್ಕೆ ಪೂರ್ತಿ ಒತ್ತಿ.

ಈಗ ಬಣ್ಣದವರು ಬರುತ್ತಾರೆ. "ನೀಲಿ ಅಂದ್ರ ಫಾಸ್ಟ್, ಅಷ್ಟು ನಮಗೂ ಗೊತ್ತದ." ಅಷ್ಟೇ ಗೊತ್ತಿದ್ದರೆ ಸಾಲದು! ನೀಲಿ ಅನ್ನುವುದು ಒಂದು ರೂಢಿ, ಎಲ್ಲಾ ಕಂಪನಿ ಪಾಲಿಸಲೇಬೇಕು ಅಂತಿಲ್ಲ. ಕೆಂಪು, ಹಸಿರು ಇವೆಲ್ಲ ಕಂಪನಿಯವರ ಇಷ್ಟ. ಒಬ್ಬರ ಬೋರ್ಡಿನಲ್ಲಿ ಕೆಂಪು ಅಂದರೆ 10 ಗಿಗಾಬಿಟ್, ಇನ್ನೊಂದು ಕಡೆ ಕೆಂಪು ಅಂದರೆ ಕಂಪ್ಯೂಟರ್ ಆಫ್ ಆದರೂ ಮೊಬೈಲ್ ಚಾರ್ಜ್ ಆಗುವ ಪೋರ್ಟ್. ಡಬ್ಬಾದ ಮುಂಭಾಗದ ನೀಲಿ ಪೋರ್ಟಿನ ಕಥೆಯಂತೂ ಕೇಳಲೇಬೇಡಿ. ಅದರ ವೈರು ಒಳಗೆ ಬೋರ್ಡಿನ 19 ಪಿನ್ನಿನ ದಪ್ಪ ಕನೆಕ್ಟರಿಗೆ ಹೋಗಬೇಕು. ಕೆಲವು ಕಡೆ ಒಂದು ಅಡಾಪ್ಟರ್ ಹಾಕಿ ಅದನ್ನು 9 ಪಿನ್ನಿನ 2.0 ಕನೆಕ್ಟರಿಗೆ ಸಿಕ್ಕಿಸಿ ಕಳಿಸಿಬಿಡುತ್ತಾರೆ. ಮುಂದೆ ನೀಲಿ ಕಾಣುತ್ತದೆ, ಒಳಗೆ ಓಡುವುದು 2000ನೇ ಇಸವಿ. ಇನ್ನು ಕೆಲವು ಕಡೆ ವೈರನ್ನು ಹಾಕುವುದೇ ಇಲ್ಲ, ಮೂಲೆಯಲ್ಲಿ ಹಾಗೇ ನೇತಾಡುತ್ತಿರುತ್ತದೆ. ಪಕ್ಕದ ಬಾಗಿಲು ತೆಗೆಸಿ ನೋಡಿ, ನಾಚಿಕೊಳ್ಳಬೇಡಿ, ದುಡ್ಡು ನಿಮ್ಮದು.

ಹೆಸರಿನ ಗೊಂದಲವೂ ಇದೆ, ಅದಕ್ಕೆ ಜನರನ್ನು ಬೈಯುವುದಿಲ್ಲ. ಮೊದಲು 3.0 ಅಂದರು. ಆಮೇಲೆ ಅದೇ ಪೋರ್ಟಿಗೆ 3.1 ಜೆನ್ 1 ಅಂದರು. ಮತ್ತೆ 3.2 ಜೆನ್ 1 ಅಂದರು. ಮೂರೂ ಒಂದೇ, 5 ಗಿಗಾಬಿಟ್! ಡಬ್ಬಿ ಮೇಲೆ "3.2" ಅಂತ ದೊಡ್ಡದಾಗಿ ಹಾಕಿದರೆ ಹೊಸದು ಅಂತ ಹಿಗ್ಗಬೇಡಿ. ಜೆನ್ 1 ಅಂದರೆ 5, ಜೆನ್ 2 ಅಂದರೆ 10, ಜೆನ್ 2 ಇಂಟು 2 ಅಂದರೆ 20. ಸ್ಪೀಡಿನ ನಂಬರ್ ಕೇಳಿ, ಮುಗಿಯಿತು. ಯುಎಸ್‌ಬಿ ರೂಪಿಸಿದವರಲ್ಲಿ ಮುಖ್ಯರಾದ, ಆಗ ಚಿಪ್ ಕಂಪನಿ ಇಂಟೆಲ್‌ನಲ್ಲಿದ್ದ ಅಜಯ್ ಭಟ್ ನಮ್ಮ ದೇಶದಲ್ಲೇ ಹುಟ್ಟಿದವರು, ವಡೋದರಾದಲ್ಲಿ ಓದಿದವರು. ಕೀಬೋರ್ಡಿಗೊಂದು, ಪ್ರಿಂಟರಿಗೊಂದು ಅಂತ ಇದ್ದ ಥರಥರದ ಪೋರ್ಟುಗಳ ಜಾಗಕ್ಕೆ ಒಂದೇ ಪೋರ್ಟ್ ತಂದರು, 1996ರಲ್ಲಿ. ಎಷ್ಟು ದೊಡ್ಡ ಕೆಲಸ! ಆದರೆ ಆಕಾರ ಒಂದೇ ಆಯಿತು ಅಂತ ಒಳಗಿನ ಸ್ಪೀಡು ಒಂದೇ ಆಗುವುದಿಲ್ಲ.

ಇನ್ನು "ಟೈಪ್ ಸಿ ಇದ್ರ ಸಾಕು" ಅನ್ನುವವರು. ಟೈಪ್ ಸಿ ಅನ್ನುವುದು ಆಕಾರ ರೀ, ಸ್ಪೀಡ್ ಅಲ್ಲ. 2023ರ ಐಫೋನ್ 15 ನೋಡಿ. ಟೈಪ್ ಸಿ ಕೊಟ್ಟರು, ಸ್ಪೀಡ್ ಮಾತ್ರ ಯುಎಸ್‌ಬಿ 2.0. 10 ಗಿಗಾಬಿಟ್ ಬೇಕಾದರೆ ಪ್ರೋ ಮಾಡೆಲ್ ತಗೊಳ್ಳಬೇಕಿತ್ತು. ಅಷ್ಟು ದುಬಾರಿ ಫೋನಿನಲ್ಲೇ ಹೀಗಿರುವಾಗ ನಿಮ್ಮ ಬೋರ್ಡಿನ ಟೈಪ್ ಸಿ ಎಷ್ಟರದ್ದು ಅಂತ ಕೇಳದೆ ಹೇಗೆ ನಂಬುತ್ತೀರಿ? ಬರಹ ಓದಿ!

ಹಾಗಂತ ಹಳೆ 2.0 ಪೋರ್ಟ್ ದಂಡ ಅಂತ ಯಾರೂ ತಿಳಿಯಬೇಡಿ. ಕೀಬೋರ್ಡ್, ಮೌಸ್, ಪ್ರಿಂಟರ್ ಎಲ್ಲ ಅಲ್ಲೇ ಇರಲಿ. ವೈರ್‌ಲೆಸ್ ಮೌಸಿನ ಪುಟ್ಟ ರಿಸೀವರ್ ಇರುತ್ತದಲ್ಲ, ಅದನ್ನಂತೂ 3.0 ಪೋರ್ಟಿನಲ್ಲಿ ಹಾರ್ಡ್‌ಡಿಸ್ಕ್ ಮಗ್ಗುಲಿಗೆ ಹಾಕಲೇಬೇಡಿ. 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ, ಮೌಸ್ ಮಾತಾಡುವುದೂ ಅದೇ ತರಂಗದಲ್ಲಿ. ಇಂಟೆಲ್‌ನವರೇ 2012ರಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಕಾಪಿ ನಡೆಯುವಾಗ ಮೌಸ್ ತಡವರಿಸಿದರೆ ಸೆಲ್ ಬದಲಿಸುತ್ತಾ ಕೂರಬೇಡಿ, ರಿಸೀವರ್ ಜಾಗ ಬದಲಿಸಿ.

ಯಾದಗಿರಿಯಿಂದ ಒಬ್ಬ ಸೈಬರ್ ಸೆಂಟರ್ ತಮ್ಮ ಫೋನ್ ಮಾಡಿದ್ದ. ಬೆರಳ ಗುರುತು ತೆಗೆದುಕೊಳ್ಳುವ ಬೆರಳಚ್ಚು ಮಷೀನ್ ಪದೇ ಪದೇ ಕಟ್ ಆಗುತ್ತದಂತೆ, ಮುಂದೆ ಜನ ಸಾಲು ನಿಂತಿದ್ದಾರೆ. ಒಂದೇ ಪೋರ್ಟಿನಿಂದ ಹಲವು ಪೋರ್ಟು ಮಾಡುವ ಒಂದು ಅಗ್ಗದ ಹಬ್ಬಿಗೆ ವೆಬ್‌ಕ್ಯಾಮ್, ಬೆರಳಚ್ಚು ಮಷೀನ್, ಪೆನ್‌ಡ್ರೈವ್ ಎಲ್ಲಾ ಸಿಕ್ಕಿಸಿ, ಆ ಹಬ್ಬನ್ನು ಮುಂದಿನ ಪೋರ್ಟಿಗೆ ಹಾಕಿದ್ದ. 2.0 ಪೋರ್ಟ್ ಕೊಡಬೇಕಾದ ಕರೆಂಟ್ 500 ಮಿಲಿ ಆಂಪಿಯರ್, 3.0 ಆದರೆ 900. ಅಷ್ಟನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಮಷೀನನ್ನು ನೇರವಾಗಿ ಹಿಂದಿನ ಪೋರ್ಟಿಗೆ ಹಾಕು ಅಂದೆ. ಸಂಜೆ ಮೆಸೇಜ್ ಬಂತು, "ನಡ್ಯಾಕತ್ತದ ಅಣ್ಣಾ". ವಿಡಿಯೋ ಇಷ್ಟ ಆದರೆ ಅಂಥ ಹುಡುಗರಿಗೆ ಶೇರ್ ಮಾಡಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಕನ್ನಡದಲ್ಲಿ ಇದನ್ನು ಹೇಳುವವರು ಕಡಿಮೆ ರೀ.

ಈಗ ನೆಟ್‌ವರ್ಕ್ ಪೋರ್ಟ್, ಅಂದರೆ ಇಂಟರ್ನೆಟ್ ಕೇಬಲ್ ಚುಚ್ಚುವ ಲ್ಯಾನ್ ಪೋರ್ಟ್. ಇಲ್ಲಂತೂ ನನಗೆ ಸಿಟ್ಟು ಇನ್ನೂ ಜಾಸ್ತಿ. 500 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 500 ಮೆಗಾಬಿಟ್ ಪ್ಲ್ಯಾನ್ ಹಾಕಿಸುತ್ತಾರೆ, ತಿಂಗಳು ತಿಂಗಳು ಬಿಲ್ ಕಟ್ಟುತ್ತಾರೆ, ಸ್ಪೀಡ್ ಟೆಸ್ಟ್‌ನಲ್ಲಿ 90 ದಾಟುವುದಿಲ್ಲ. ಅದು 90ರ ಹತ್ತಿರವೇ ನಿಂತಿದ್ದರೆ ಕೇಬಲ್ ಮೇಲಿನ ಲಿಂಕ್ 100ಕ್ಕೆ ಸಿಕ್ಕಿಹಾಕಿಕೊಂಡಿರುವ ಸಾಧ್ಯತೆ ಬಹಳ. ವಿಂಡೋಸ್ 11ರ ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್, ಈಥರ್ನೆಟ್. ಅಲ್ಲಿ ಲಿಂಕ್ ಸ್ಪೀಡ್ ಅಂತ ಇರುತ್ತದೆ. 1000 ಇದ್ದರೆ ಸರಿ. 100 ಇದ್ದರೆ ಕೇಬಲ್ ಕೈಗೆ ತಗೊಳ್ಳಿ. ತುದಿಯ ಪಾರದರ್ಶಕ ಪ್ಲಾಸ್ಟಿಕ್ ಬೆಳಕಿಗೆ ಹಿಡಿಯಿರಿ. ಎಂಟು ತಂತಿ ಕಾಣಬೇಕು: ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ಕೆಲವು ಕಡೆ ಕಿತ್ತಳೆ, ಹಸಿರು ಎರಡೇ ಜೋಡಿ ತುದಿಗೆ ಒತ್ತಿ ಕ್ರಿಂಪ್ ಮಾಡಿ ಹೋಗಿರುತ್ತಾರೆ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ನೀಲಿ, ಕಂದು ಜೋಡಿಯಲ್ಲಿ ಒಂದು ತಂತಿ ಕಡಿದರೂ ಅದು 100ಕ್ಕೆ ಇಳಿಯಬಹುದು, ಇಂಟರ್ನೆಟ್ ಮಾತ್ರ ನಡೆಯುತ್ತಲೇ ಇರುತ್ತದೆ. ನಡೀತದ, ನಡೀತದ ಅಂತ ವರ್ಷಗಟ್ಟಲೆ ದುಡ್ಡು ಕಟ್ಟುತ್ತೀರಿ!

ಹೊಸ ಬೋರ್ಡುಗಳಲ್ಲಿ 2.5 ಗಿಗಾಬಿಟ್ ಪೋರ್ಟ್ ಬರುತ್ತಿದೆ. ನೋಡಲು ಹಳೆಯದರ ಹಾಗೇ, ಅದೇ ಚೌಕ ತೂತು. ಅದರ ಮೇಲೆ ಅಥವಾ ಪಕ್ಕ "2.5ಜಿ" ಅಂತ ಇದೆಯಾ ನೋಡಿ. ಒಳ್ಳೆ ಕ್ಯಾಟ್ 5ಇ ದರ್ಜೆಯ ನೆಟ್‌ವರ್ಕ್ ಕೇಬಲ್ ಇದ್ದರೆ ಅದಕ್ಕೂ ಸಾಕು, ಹೊಸ ಕೇಬಲ್ ಬೇಕೇ ಬೇಕು ಅಂದರೆ ಒಪ್ಪಬೇಡಿ. ಮತ್ತೆ ಮೇ ತಿಂಗಳ ಗುಡುಗು ಸಿಡಿಲು ಶುರುವಾಗುವ ಮೊದಲೇ, ಮಾಳಿಗೆ ಮೇಲಿಂದ ತಾಮ್ರದ ಕೇಬಲ್ ಇಳಿದಿದ್ದರೆ ದಯವಿಟ್ಟು ಕಿತ್ತಿಡಿ. ಯುಪಿಎಸ್ ಇದೆ ಅಂತ ಕೂರಬೇಡಿ, ಸಿಡಿಲು ಈ ದಾರಿಯಿಂದಲೂ ಬರುತ್ತದೆ. ಲ್ಯಾನ್ ಪೋರ್ಟ್ ಸುಟ್ಟ ಬೋರ್ಡುಗಳನ್ನು ರಿಪೇರಿ ಟೇಬಲ್ ಮೇಲೆ ಕಣ್ಣಾರೆ ನೋಡಿದ್ದೇನೆ.

"ಇಷ್ಟೆಲ್ಲಾ ಸಾಮಾನ್ಯರಿಗೆ ಯಾಕೆ, ಅಂಗಡಿಯವರು ನೋಡಿಕೊಳ್ಳುತ್ತಾರೆ." ಯಾಕೆ ನೋಡಿಕೊಳ್ಳುತ್ತಾರೆ? ನೀವು ಕೇಳದಿದ್ದರೆ ಅವರು ತಮ್ಮ ಹತ್ತಿರ ಇರುವ ಬೋರ್ಡ್ ಹಾಕುತ್ತಾರೆ, ಅಷ್ಟೇ. ಡಬ್ಬಿ ತರಿಸಿ. ಬೋರ್ಡಿನ ಡಬ್ಬಿ ಹಿಂದೆ ಪೋರ್ಟುಗಳ ಚಿತ್ರ ಹೆಸರು ಸಮೇತ ಇರುತ್ತದೆ. ಇಲ್ಲದಿದ್ದರೆ ಮಾಡೆಲ್ ನಂಬರ್ ಹೊಡೆದು ಕಂಪನಿ ಸೈಟಿನಲ್ಲಿ ಓದಿ. ಎರಡು ನಿಮಿಷದ ಕೆಲಸಕ್ಕೆ ಟೈಮ್ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ. ಓದಬೇಕು ಅಂದರೆ ಓದಬೇಕು. ಹಿಂದೆ ನೋಡಬೇಕು ಅಂದರೆ ನೋಡಬೇಕು, ಇದರಲ್ಲಿ ವಾದ ಮಾಡುವುದಕ್ಕೆ ಏನಿದೆ?

ಒಂದು ಕೆಲಸ ಮಾಡಿ. ನಿಮ್ಮ ಕಂಪ್ಯೂಟರಿನ ಹಿಂಭಾಗದ ಫೋಟೋ ತೆಗೆದು ನಮ್ಮ ಟೆಲಿಗ್ರಾಮ್ ಗುಂಪಿಗೆ ಹಾಕಿ, ಲಿಂಕ್ ಕೆಳಗಿದೆ. ಧೂಳು ಒರೆಸಿ, ವೈರು ಸರಿಸಿ, ಬರಹ ಕಾಣಬೇಕು. ಭಾನುವಾರದ ಲೈವ್‌ನಲ್ಲಿ ಒಂದೊಂದೇ ಫೋಟೋ ತೆರೆದು ಯಾವುದನ್ನು ಎಲ್ಲಿ ಚುಚ್ಚಬೇಕು ಹೇಳುತ್ತೇನೆ. ಬೀದರ್‌ನವರು ಮೊದಲು ಕಳಿಸಿ, ಹೋದ ಸಲ ನಿಮ್ಮ ಸರದಿ ಬರುವಷ್ಟರಲ್ಲಿ ಇಲ್ಲಿ ಕರೆಂಟ್ ಹೋಗಿತ್ತು.