ಸಾಯೋರ ಪಕ್ಕ ಕೂತಿರೋ ಪಾತ್ರಗಳು

ಕೇಳುಗರಿಗೆಲ್ಲ ನಮಸ್ಕಾರ. ಸಾಯೋ ಹಂತದಲ್ಲಿರೋರನ್ನ ನೋಡ್ಕೊಳ್ಳೋ ಪಾತ್ರಗಳು ನಮ್ಮ ಕಥೆ, ಕಾದಂಬರಿ, ಸೀರಿಯಲ್‌ಗಳಲ್ಲಿ ಹೇಗಿರ್ತಾವೆ ಅಂತ ಇವತ್ತು ಸ್ವಲ್ಪ ಮಾತಾಡೋಣ. ಹೆಚ್ಚುಕಮ್ಮಿ ಎಲ್ಲಾ ನಮಗೆ ಮೊದಲೇ ಗೊತ್ತಿರೋವೇ. ತುಟಿ ಪಿಟಕ್ ಅನ್ನದೆ ವರ್ಷಗಟ್ಟಲೆ ಅತ್ತೆ ಸೇವೆ ಮಾಡೋ ಸೊಸೆ, ಮಂಚದ ಪಕ್ಕಾನೇ ನಿಂತು ಪಹಣಿ ಯಾರ ಹೆಸರಲ್ಲಿದೆ ಅಂತ ಕೇಳೋ ದೊಡ್ಡ ಮಗ, ಉಸಿರು ನಿಲ್ಲೋ ಹೊತ್ತಿಗೆ ಸರಿಯಾಗಿ ಅಮೆರಿಕದಿಂದ ಬಂದಿಳಿಯೋ ಚಿಕ್ಕ ಮಗ, ಕನ್ನಡಕ ತೆಗ್ದು "ಇನ್ನು ದೇವರ ಕೈಲಿದೆ" ಅಂತ ಹೊರಟೋಗೋ ಡಾಕ್ಟ್ರು. ಸಾಯ್ತಿರೋ ಅಜ್ಜಿ ಕೊನೇ ಗಳಿಗೇವರೆಗೂ ಸ್ಪಷ್ಟವಾಗಿ ಮಾತಾಡ್ತಾ ಎಲ್ರಿಗೂ ಬುದ್ಧಿ ಹೇಳ್ತಾಳೆ.

ನನ್ನ ತಕರಾರು ಮುಖ್ಯವಾಗಿ ಆ ಸೊಸೆ ಬಗ್ಗೆ. ಯಾಕಂದ್ರೆ ಅರಕಲಗೂಡಲ್ಲೋ ಮೂಡಿಗೆರೆಯಲ್ಲೋ ನಿಜವಾಗ್ಲೂ ಈ ಕೆಲಸ ಮಾಡ್ತಿರೋ ಹೆಣ್ಮಗಳೊಬ್ಳು ಆ ಪಾತ್ರ ನೋಡಿ, ನನಗೆ ಯಾಕೆ ಇಷ್ಟು ಸಿಟ್ಟು ಬರುತ್ತೆ, ನಾನು ಪಾಪಿನಾ ಅಂತ ಒಳಗೊಳಗೇ ಕೊರಗ್ತಾಳೆ. ಕೆಲಸ ಹೇಗಿರುತ್ತೆ ನೋಡಿ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸ್ಬೇಕು, ಇಲ್ದಿದ್ರೆ ಸೊಂಟದ ಹತ್ರ ಹಿಮ್ಮಡಿ ಹತ್ರ ಚರ್ಮ ಕೆಂಪಾಗಿ ಹುಣ್ಣಾಗುತ್ತೆ, ಮೈ ಕೆಳಗೆ ಹಳೇ ಸೀರೆ ಮಡಚಿ ಹಾಸಿದ್ರೆ ಆ ಕಡೆ ಒಬ್ರು ಈ ಕಡೆ ಒಬ್ರು ಹಿಡ್ದು ತಿರುಗಿಸ್ಬಹುದು. ನುಂಗಕ್ಕೆ ಆಗದಿದ್ರೆ ಒದ್ದೆ ಹತ್ತೀಲಿ ತುಟಿ ಒರೆಸ್ತಿರ್ಬೇಕು. ನೋವಿಗೆ ಮಾರ್ಫಿನ್ ಶುರುವಾದ್ರೆ ಮಲಬದ್ಧತೆ ಆಗುತ್ತೆ, ಅದಕ್ಕೂ ಜೊತೇಲೇ ಔಷಧಿ ಬೇಕು. ರಾತ್ರಿ ಎರಡು ಗಂಟೇಲಿ "ಈಗ ತಾನೇ ಬದಲಾಯಿಸಿದ್ನಲ್ಲ ಅತ್ತೆ" ಅಂತ ರೇಗಿ, ಆಮೇಲೆ ಎದ್ದು ಹೋಗಿ ಮತ್ತೆ ಬಿಸಿನೀರು ಇಡೋ ಸೊಸೆ ಕಥೆಗಳಲ್ಲಿ ಎಷ್ಟು ಜನ ಇದ್ದಾರೆ? ರೇಗಿದ್ದೂ ನಿಜ, ಬಿಸಿನೀರು ಇಟ್ಟಿದ್ದೂ ನಿಜ, ಎರಡೂ ಒಬ್ಳೇ ಮಾಡಿದ್ದು, ನನಗೆ ಬೇಕಾಗಿರೋ ಪಾತ್ರ ಅದು.

ರಷ್ಯಾದ ಲೇಖಕ ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ಇವಾನ್ ಇಲಿಚ್‌ನ ಸಾವಿನ ಕಥೇಲಿ ಗೆರಾಸಿಮ್ ಅಂತ ಒಬ್ಬ ಆಳಿದಾನೆ. ಯಜಮಾನನ ಕಾಲನ್ನ ತನ್ನ ಹೆಗಲ ಮೇಲೆ ಇಟ್ಕೊಂಡು ಗಂಟೆಗಟ್ಟಲೆ ಕೂತಿರ್ತಾನೆ, ಹಾಗಿದ್ರೆ ಯಜಮಾನನಿಗೆ ನೋವು ಕಮ್ಮಿ ಅನ್ಸುತ್ತೆ. ಮನೆಯವರು ಡಾಕ್ಟ್ರುಗಳು ಎಲ್ಲಾ ಗುಣ ಆಗ್ತೀಯ ಅಂತ ನಟಿಸ್ತಿರುವಾಗ ಇವನೊಬ್ಬನೇ ಸುಳ್ಳು ಹೇಳಲ್ಲ. ತುಂಬಾ ದೊಡ್ಡ ಪಾತ್ರ, ಆದ್ರೂ ಒಂದು ಮಾತು ಹೇಳ್ಬೇಕು, ಗೆರಾಸಿಮ್‌ಗೆ ಸುಸ್ತಾಗೋದೇ ಇಲ್ಲ. ಬಡವ, ಗಟ್ಟಿಮುಟ್ಟು, ಒಳ್ಳೇವನು, ಅಷ್ಟೇ. ಅವನ ಬೆನ್ನು ನೋವನ್ನ ಯಾರೂ ಬರೀಲಿಲ್ಲ.

ಡಾಕ್ಟ್ರ ಪಾತ್ರಾನೂ ಬದಲಾಗ್ಬೇಕು. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದೋರು, ಆಮೇಲೆ ಆಸ್ಪತ್ರೇಲಿ ಸಮಾಜ ಸೇವಕಿ, ಕೊನೆಗೆ ಓದಿ ಡಾಕ್ಟ್ರಾಗಿ 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದ್ರೆ ಸಾಯೋ ಹಂತದಲ್ಲಿರೋರನ್ನ ನೋಡ್ಕೊಳ್ಳೋ ಆರೈಕೆ ಕೇಂದ್ರ, ಶುರು ಮಾಡಿದ್ರು. ನೋವು ಮೈಗಷ್ಟೇ ಅಲ್ಲ, ಮನಸ್ಸಿಗೆ, ಸಂಸಾರಕ್ಕೆ, ನಂಬಿಕೆಗೆ ಎಲ್ಲಾ ಸೇರಿ ಆಗೋದು ಅಂತ ಅವರ ವಾದ. ನಮ್ಮ ಪಕ್ಕದ ಕೋಳಿಕ್ಕೋಡಲ್ಲಿ 1993ರಿಂದ ಇಂಥ ಆರೈಕೆ ನಡೀತಿದೆ, ಬೆಂಗಳೂರಲ್ಲಿ ಕರುಣಾಶ್ರಯ ಅನ್ನೋ ಹಾಸ್ಪಿಸ್ ಇದೆ. ಗುಣ ಮಾಡಕ್ಕಾಗದಿದ್ರೂ ಮತ್ತೆ ಮತ್ತೆ ಬಂದು ನೋಡೋ ಡಾಕ್ಟ್ರು ಇದ್ದಾರೆ, ನಮ್ಮ ಸೀರಿಯಲ್‌ಗಳಿಗೆ ಇನ್ನೂ ಬಂದಿಲ್ಲ.

ಇನ್ನು ಹೋಂ ನರ್ಸ್. ಸಕಲೇಶಪುರ ಕಡೆ ಹಳ್ಳಿಯಿಂದ ಹಾಸನದ ಮನೆಯೊಂದಕ್ಕೆ ಬಂದು, ಅಡುಗೆಮನೆ ಪಕ್ಕ ಚಾಪೆ ಹಾಕ್ಕೊಂಡು ತಿಂಗಳುಗಟ್ಟಲೆ ಇರೋ ಹುಡ್ಗಿ. ಆ ಅಜ್ಜಿ ಮೈ ಹೆತ್ತ ಮಕ್ಕಳಿಗಿಂತ ಅವಳಿಗೆ ಚೆನ್ನಾಗಿ ಗೊತ್ತು, ಆದ್ರೆ ಅಜ್ಜಿ ಹೋದ ದಿನ ಅವಳು ಎಲ್ಲಿ ನಿಂತ್ಕೋಬೇಕು, ಅಳ್ಬಹುದಾ, ಬಾಕಿ ಸಂಬಳ ಯಾರ ಹತ್ರ ಕೇಳ್ಬೇಕು, ಹದಿಮೂರನೇ ದಿನದ ಊಟಕ್ಕೆ ಕರೀತಾರಾ? ಹಾಸನ, ಚಿಕ್ಕಮಗಳೂರು ಕಡೆ ಕಥೆ ಬರೆಯೋ ಹುಡುಗ್ರು ಹುಡ್ಗೀರು ತುಂಬಾ ಜನ ಇದ್ದೀರ, ದಯವಿಟ್ಟು ಅವಳನ್ನ ಕೂರಿಸ್ಕೊಂಡು ಮಾತಾಡ್ಸಿ, ಅವಳ ಕಥೆ ಬರೀರಿ. ನಮಸ್ಕಾರ.