ಒಂದೇ ನೊಗದ ಜೋಡಿ

ಕೇಳುಗ ಬಂಧುಗಳೇ, ನಿಮಗೆಲ್ಲ ವಂದನೆಗಳು.

ಕ್ರೈಸ್ತರ ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲೆ ಒಂದು ವಾಕ್ಯ ಕಾಣುತ್ತದೆ. ‘ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ.’ ಕ್ರಿಸ್ತನ ಸುವಾರ್ತೆ ಸಾರಿದ ಅಪೊಸ್ತಲ ಪೌಲ ಫಿಲಿಪ್ಪಿಯ ಸಭೆಗೆ, ಅಂದರೆ ಅಲ್ಲಿನ ಕ್ರೈಸ್ತ ಸಮುದಾಯಕ್ಕೆ, ಬರೆದ ಪತ್ರದ ಮಾತು ಅದು. ನಾಲ್ಕನೆಯ ಅಧ್ಯಾಯ, ನಾಲ್ಕನೆಯ ವಚನ. ನಾನೂ ಅದನ್ನು ಗೋಡೆಯ ಮೇಲೆ ಓದುತ್ತ ಬೆಳೆದವಳೇ. ಅದರ ಹಿಂದೆ ಏನಿದೆ, ಮುಂದೆ ಏನಿದೆ ಎಂದು ಬಹಳ ವರ್ಷ ನೋಡಲು ಹೋಗಿರಲಿಲ್ಲ.

ಹಿಂದೆ ಇರುವುದು ಒಂದು ಜಗಳ.

ಎರಡೇ ವಚನ ಮೇಲಕ್ಕೆ ಹೋಗಿ. ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರ ಹೆಸರು ಸಿಗುತ್ತದೆ. ಇವರಿಬ್ಬರೂ ಕರ್ತನಲ್ಲಿ ಒಂದೇ ಮನಸ್ಸಿನವರಾಗಿರಬೇಕು ಎಂದು ಪೌಲ ಬೇಡಿಕೊಳ್ಳುತ್ತಾನೆ. ಮೂಲ ಗ್ರೀಕ್ ಭಾಷೆಯಲ್ಲಿ ಆ ‘ಬೇಡಿಕೊಳ್ಳುತ್ತೇನೆ’ ಎಂಬ ಮಾತು ಎರಡು ಸಲ ಬರುತ್ತದೆ. ಯುವೊದ್ಯಳನ್ನು ಬೇಡಿಕೊಳ್ಳುತ್ತೇನೆ, ಸಂತುಕೆಯನ್ನು ಬೇಡಿಕೊಳ್ಳುತ್ತೇನೆ. ಒಬ್ಬಳ ಮುಂದೆ ಒಮ್ಮೆ, ಇನ್ನೊಬ್ಬಳ ಮುಂದೆ ಮತ್ತೊಮ್ಮೆ ಕೈಮುಗಿದು ನಿಂತ ಹಾಗೆ. ತಪ್ಪು ಯಾರದು, ಜಗಳ ಯಾತಕ್ಕೆ ಎಂದು ಅವನು ಒಂದಕ್ಷರವನ್ನೂ ಬರೆಯುವುದಿಲ್ಲ. ಸುವಾರ್ತೆಯ ಕೆಲಸದಲ್ಲಿ ಇಬ್ಬರೂ ನನ್ನ ಜೊತೆ ಹೋರಾಡಿದವರು, ಇವರ ಹೆಸರು ಜೀವಬಾಧ್ಯರ ಪುಸ್ತಕದಲ್ಲಿದೆ ಎಂದು ಮಾತ್ರ ನೆನಪಿಸುತ್ತಾನೆ. ಆ ಮಾತಿನ ಬೆನ್ನಿಗೇ ಬರುವುದು ‘ಸಂತೋಷಿಸಿರಿ’.

ಅಂದಿನ ಸಭೆಗಳಲ್ಲಿ ಇಂಥ ಪತ್ರಗಳನ್ನು ಎಲ್ಲರೂ ಕೂಡಿದಾಗ ಗಟ್ಟಿಯಾಗಿ ಓದುತ್ತಿದ್ದರು. ಹಾಗಾದರೆ ಆ ಇಬ್ಬರೂ ಅಲ್ಲೇ ಕೂತಿದ್ದಿರಬೇಕು. ತಮ್ಮ ಹೆಸರು ಕಿವಿಗೆ ಬಿದ್ದಾಗ ಅವರ ಮುಖ ಹೇಗಾಗಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಪೌಲನ ಪತ್ರದಲ್ಲಿ ವಚನಗಳ ಸಂಖ್ಯೆ ಇರಲಿಲ್ಲ. ಹೊಸ ಒಡಂಬಡಿಕೆಗೆ ಇಂದು ನಾವು ಬಳಸುವ ವಚನ ಸಂಖ್ಯೆಗಳನ್ನು ಹಾಕಿದವನು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ. ಅದರಿಂದ ನಮಗೆ ಆದ ಉಪಕಾರ ದೊಡ್ಡದು. ಆದರೂ ನಾಲ್ಕನೆಯ ವಚನವನ್ನು ಬೇರೆ ಮಾಡಿ ಚೌಕಟ್ಟಿನೊಳಗೆ ಕೂರಿಸಿದಾಗ ಆ ಇಬ್ಬರು ಹೆಂಗಸರು ಹೊರಗೇ ಉಳಿದುಬಿಟ್ಟರು. ಅವರನ್ನು ಒಳಗೆ ಕರೆತರದೆ ಸಭೆಯ ಸಂತೋಷ ಎಂದರೆ ಏನು ಎಂಬುದು ನನಗಂತೂ ಅರ್ಥವಾಗಲಿಲ್ಲ. ಇವತ್ತು ನಿಮ್ಮ ಮುಂದೆ ಹೇಳಲು ಹೊರಟಿರುವುದು ಅದನ್ನೇ.

ಫಿಲಿಪ್ಪಿ ಮಕೆದೋನ್ಯದ ಒಂದು ಪಟ್ಟಣ, ಇಂದಿನ ಗ್ರೀಸಿನ ಉತ್ತರ ಭಾಗದಲ್ಲಿತ್ತು. ಅಲ್ಲಿ ಸಭೆ ಹುಟ್ಟಿದ ಕಥೆ ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯದಲ್ಲಿದೆ. ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ಹೊಳೆಯ ದಡದಲ್ಲಿ ಪ್ರಾರ್ಥನೆಗೆಂದು ಕೂಡಿದ್ದ ಹೆಂಗಸರಿಂದ ಅದು ಶುರುವಾಯಿತು. ಅವರಲ್ಲಿ ಲುದ್ಯಳು ಒಬ್ಬಳು. ಧೂಮ್ರವರ್ಣದ ಬಟ್ಟೆ ಮಾರುವವಳು. ಆಮೇಲೆ ಪೌಲನಿಗೂ ಅವನ ಜೊತೆಗಾರ ಸೀಲನಿಗೂ ಅಲ್ಲಿ ಛಡಿಯೇಟು ಬಿತ್ತು. ಸೆರೆಮನೆಯ ಒಳಕೋಣೆಯಲ್ಲಿ ಅವರ ಕಾಲುಗಳನ್ನು ಕೋಳಕ್ಕೆ ಹಾಕಿದರು. ನಡುರಾತ್ರಿ ಅವರು ಪ್ರಾರ್ಥಿಸುತ್ತ ಹಾಡುತ್ತಿದ್ದರು, ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು. ಆಗ ಭೂಕಂಪವಾಯಿತು. ಭೂಕಂಪದ ಮಾತು ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸು ನಿಲ್ಲುವುದು ಆಮೇಲಿನ ಒಂದು ಸಣ್ಣ ಕೆಲಸದ ಹತ್ತಿರ. ಆ ಕಾಲುಗಳನ್ನು ಕೋಳಕ್ಕೆ ಹಾಕಿದ್ದ ಸೆರೆಮನೆಯ ಯಜಮಾನ ಅದೇ ರಾತ್ರಿ, ಅದೇ ಗಳಿಗೆಯಲ್ಲಿ ಅವರನ್ನು ಕರೆದುಕೊಂಡು ಹೋಗಿ ಗಾಯಗಳನ್ನು ತೊಳೆದ. ಮನೆಯವರೆಲ್ಲರ ಜೊತೆ ದೀಕ್ಷಾಸ್ನಾನ ಪಡೆದ. ಊಟ ಬಡಿಸಿದ. ಮನೆಮಂದಿಯೆಲ್ಲ ಸಂತೋಷಪಟ್ಟರು ಎಂದು ಆ ಗ್ರಂಥದ ಲೇಖಕ ಲೂಕ ಬರೆಯುವುದು ಅದಾದ ಮೇಲೆ. ಕೋಳ ಹಾಕಿದ ಕೈ, ಗಾಯ ತೊಳೆದ ಕೈ, ಅನ್ನ ಬಡಿಸಿದ ಕೈ, ಎಲ್ಲ ಒಂದೇ.

ಮುಂದೆ ಪೌಲ ಆ ಸಭೆಗೆ ಪತ್ರ ಬರೆದದ್ದೂ ಸೆರೆಯಿಂದಲೇ. ನಾಲ್ಕು ಅಧ್ಯಾಯ, 104 ವಚನಗಳ ಚಿಕ್ಕ ಪತ್ರ. ಅದರಲ್ಲಿ ಸಂತೋಷ, ಸಂತೋಷಪಡು, ಕೂಡಿ ಸಂತೋಷಪಡು ಎಂಬ ಮಾತುಗಳು 16 ಸಲ ಬರುತ್ತವೆ.

ಈಗ ನನ್ನದೇ ಒಂದು ಸಂಗತಿ ಹೇಳುತ್ತೇನೆ. ಹೆಸರು ಬೇಡ.

ನಮ್ಮ ಸಭೆಯ ಗಾಯನವೃಂದದಲ್ಲಿ ನಾನು ಬಹಳ ವರ್ಷ ಹಾಡಿದವಳು. ಪುನರುತ್ಥಾನದ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ನಾವು ಹಾಡುವ ಒಂದು ಗೀತೆಯಲ್ಲಿ ಮೂರನೆಯ ಚರಣವನ್ನು ಒಬ್ಬರೇ ಹಾಡಬೇಕು. ಅದು ನನ್ನ ಪಾಲಿಗೆ ಬಂದಿತ್ತು, ನನ್ನಲ್ಲೇ ಉಳಿದಿತ್ತು. ಒಂದು ವರ್ಷ ಅದನ್ನು ಹೊಸದಾಗಿ ಬಂದ ಒಬ್ಬ ಸಹೋದರಿಗೆ ಕೊಟ್ಟರು. ಯಾರೂ ನನಗೆ ಅನ್ಯಾಯ ಮಾಡಿರಲಿಲ್ಲ. ಅವಳ ಕಂಠ ಚೆನ್ನಾಗಿತ್ತು, ಅವಳಿಗೂ ಒಂದು ಅವಕಾಶ ಬೇಕಿತ್ತು. ಆದರೂ ಒಳಗೆ ಏನೋ ಮುರಿಯಿತು. ಹಬ್ಬದ ಬೆಳಿಗ್ಗೆ, ಕ್ರಿಸ್ತನು ಎದ್ದಿದ್ದಾನೆ ಎಂದು ಸಭೆಯೆಲ್ಲ ಹಾಡುವಾಗ, ನಾನು ತುಟಿ ಬಿಗಿದು ಕೂತಿದ್ದೆ. ಆಮೇಲೆ ಗಾಯನವೃಂದ ಬಿಟ್ಟೆ. ಅವಳ ಜೊತೆ ಮಾತು ಬಿಟ್ಟೆ.

ಸಭೆಯೊಳಗಿನ ಮುನಿಸು ಹೊರಗೆ ಕಾಣುವುದು ಕಡಿಮೆ. ನಾನು ಆರಾಧನೆ ತಪ್ಪಿಸಲಿಲ್ಲ. ಕಾಣಿಕೆ ಹಾಕಿದೆ, ಭಾನುವಾರ ಶಾಲೆಯ ಮಕ್ಕಳಿಗೆ ಪಾಠ ಹೇಳಿದೆ. ಮನೆಯಲ್ಲಿ ದಿನವೂ ಬೈಬಲ್ ಓದುತ್ತಿದ್ದೆ, ಮೊದಲಿಗಿಂತ ಹೆಚ್ಚಾಗಿಯೇ ಓದುತ್ತಿದ್ದೆ. ಆತ್ಮಿಕವಾಗಿ ಬೆಳೆಯುತ್ತಿದ್ದೇನೆ ಎಂದೇ ನಂಬಿದ್ದೆ. ಸಂತೋಷ ಮಾತ್ರ ಬತ್ತಿಹೋಗಿತ್ತು. ಪ್ರಾರ್ಥನೆಯಲ್ಲಿ ಕೂತರೆ ಮಾತು ಬರುತ್ತಿತ್ತು, ಮನಸ್ಸು ಬರುತ್ತಿರಲಿಲ್ಲ.

ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲ, ಸಂತೋಷಪಡುವವರ ಸಂಗಡ ಸಂತೋಷಪಡಿರಿ, ಅಳುವವರ ಸಂಗಡ ಅಳಿರಿ ಎನ್ನುತ್ತಾನೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿ ಬೋಧಿಸುತ್ತಿದ್ದ ಯೋಹಾನ್ ಕ್ರಿಸೊಸ್ತೋಮ್, ‘ಬಂಗಾರದ ಬಾಯಿ’ ಎಂದು ಹೆಸರಾದವನು, ಈ ಮಾತನ್ನು ವಿವರಿಸುವಾಗ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದ. ಅಳುವವರ ಜೊತೆ ಅಳುವುದಕ್ಕಿಂತ, ನಗುವವರ ಜೊತೆ ನಗುವುದಕ್ಕೆ ಹೆಚ್ಚಿನ ಆತ್ಮಬಲ ಬೇಕು ಎಂದ. ದುಃಖ ಕಂಡರೆ ಕಲ್ಲಿನಂಥವರೂ ಕರಗುತ್ತಾರೆ. ಇನ್ನೊಬ್ಬರ ಏಳಿಗೆ ಕಂಡಾಗ ಹೊಟ್ಟೆಕಿಚ್ಚು ಏಳದಿರುವುದು, ಅಷ್ಟೇ ಅಲ್ಲ, ಅವರೊಡನೆ ಹಿಗ್ಗುವುದು ಕಷ್ಟ. ಎಷ್ಟು ನಿಜ! ಅವಳ ಮನೆಯಲ್ಲಿ ಸಾವಾಗಿದ್ದರೆ ಮೊದಲು ಓಡಿಹೋಗುವವಳು ನಾನೇ ಆಗಿರುತ್ತಿದ್ದೆ. ಅವಳ ಹಾಡಿಗೆ ಹಿಗ್ಗಲು ನನ್ನ ಕೈಲಾಗಲಿಲ್ಲ. ಅಷ್ಟು ವರ್ಷ ಓದಿದ ಬೈಬಲ್ ಎಲ್ಲಿಯವರೆಗೆ ನನ್ನೊಳಗೆ ಇಳಿದಿದೆ ಎಂಬುದನ್ನು ಆ ಒಂದು ಚರಣ ತೋರಿಸಿಕೊಟ್ಟಿತು.

ನಮ್ಮ ಸಭೆಯಲ್ಲಿ ಒಬ್ಬ ಹಿರಿಯ ತಾಯಿ ಇದ್ದರು. ಕೆಲಸದ ಪಟ್ಟಿ ಬರೆಯುವುದು ಅವರ ಸೇವೆ. ಯಾರು ನೆಲ ಗುಡಿಸಬೇಕು, ಯಾರು ಹಾಡಿನ ಪುಸ್ತಕ ಜೋಡಿಸಬೇಕು, ಯಾರು ಕಾಯಿಲೆಯವರನ್ನು ನೋಡಲು ಹೋಗಬೇಕು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಬಾಗಿಲ ಪಕ್ಕ ಅಂಟಿಸುತ್ತಿದ್ದರು. ಆ ಜಗಳಕ್ಕೆ ಹೆಚ್ಚುಕಡಿಮೆ ಒಂದು ವರ್ಷವಾದಾಗ, ಕರ್ತನ ಭೋಜನದಲ್ಲಿ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯಲ್ಲಿ, ಬಳಸುವ ಬಟ್ಟಲುಗಳನ್ನು ತೊಳೆಯುವ ಸಾಲಿನಲ್ಲಿ ಎರಡು ಹೆಸರು ಅಕ್ಕಪಕ್ಕ ಕಂಡವು. ಅವಳದು, ನನ್ನದು.

ಬಟ್ಟಲುಗಳು ಹೆಬ್ಬೆರಳಿನಷ್ಟು ಚಿಕ್ಕವು, ಗಾಜಿನವು. ಒಬ್ಬರು ತೊಳೆದು ಕೊಟ್ಟರೆ ಇನ್ನೊಬ್ಬರು ಒರೆಸಿ ತಟ್ಟೆಯ ತೂತುಗಳಲ್ಲಿ ಇಡಬೇಕು. ಕೈಯಿಂದ ಕೈಗೆ ದಾಟಿಸದೆ ಆ ಕೆಲಸ ಸಾಗುವುದೇ ಇಲ್ಲ. ಶನಿವಾರ ಸಂಜೆ ನಾವಿಬ್ಬರೇ. ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅರ್ಧ ತಟ್ಟೆ ತುಂಬಿರಬೇಕು, ಅವಳು ತಲೆ ಎತ್ತದೆ ಕೇಳಿದಳು: “ಅಕ್ಕಾ, ಮೂರನೇ ಚರಣದಲ್ಲಿ ನನಗೆ ಉಸಿರು ಸಾಲುವುದಿಲ್ಲ. ಹೋದ ವರ್ಷ ಕೊನೆಯ ಸಾಲು ಹಾಡುವಾಗ ಕಾಲು ನಡುಗುತ್ತಿತ್ತು. ನೀವು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಿರಿ?”

ಒಂದು ವರ್ಷ ನಾನು ನನ್ನೊಳಗೇ ಅವಳೊಡನೆ ವಾದ ಮಾಡುತ್ತ ಬಂದಿದ್ದೆ. ಆ ವಾದದಲ್ಲಿ ಅವಳು ಯಾವಾಗಲೂ ಗರ್ವದಿಂದಲೇ ಉತ್ತರ ಕೊಡುತ್ತಿದ್ದಳು. ನನ್ನ ಎದುರು ನಿಂತವಳು ಹೆದರಿದ ಹುಡುಗಿ. ನನಗೆ ಥಟ್ಟನೆ ಉತ್ತರ ಹೊರಡಲಿಲ್ಲ. ಆಮೇಲೆ ಮೆಲ್ಲಗೆ ಆ ಸಾಲನ್ನು ಹಾಡಿ ತೋರಿಸಿದೆ. ಎರಡನೆಯ ಪದ ಮುಗಿಯುವಲ್ಲಿ ಒಂದು ಚಿಕ್ಕ ಬಿಡುವಿದೆ, ಅಲ್ಲಿ ಉಸಿರು ತುಂಬಿಕೊಂಡರೆ ಕೊನೆಯವರೆಗೂ ಸಾಲುತ್ತದೆ. ಅವಳು ಹಾಡಿದಳು, ತಪ್ಪಿದಳು, ಮತ್ತೆ ಹಾಡಿದಳು. ಬಟ್ಟಲುಗಳು ಮುಗಿದಿದ್ದರೂ ನಾವು ಅಲ್ಲೇ ನಿಂತಿದ್ದೆವು. ಕ್ಷಮಿಸು ಎಂದು ನಾನು ಹೇಳಿದ್ದು ಬಾಗಿಲು ಹಾಕುವಾಗ.

ಆ ವರ್ಷದ ಹಬ್ಬದ ಬೆಳಿಗ್ಗೆ ಮೂರನೆಯ ಚರಣ ಬಂದಾಗ ನಾನು ಅವಳ ದನಿಗಾಗಿ ಕಾಯಲಿಲ್ಲ, ಉಸಿರಿಗಾಗಿ ಕಾದೆ. ಸರಿಯಾಗಿ ಆ ಬಿಡುವಿನಲ್ಲಿ ಅವಳು ಉಸಿರು ತೆಗೆದುಕೊಂಡದ್ದು ನನಗೆ ಕೇಳಿಸಿತು. ಅಷ್ಟು ಚಿಕ್ಕ ಸದ್ದು ಬೇರೆ ಯಾರಿಗೂ ಕೇಳಿಸಿರಲಾರದು. ನಾನೇ ಹಾಡುತ್ತಿದ್ದ ವರ್ಷಗಳಲ್ಲಿ ಒಮ್ಮೆಯೂ ಅಷ್ಟು ಸಂತೋಷ ಕಂಡಿರಲಿಲ್ಲ. ಪುನರುತ್ಥಾನದ ಹಬ್ಬ ಅಂದು ನನ್ನ ಎದೆಯೊಳಗೆ ಬಂತು.

ಯೇಸು ಹೇಳಿದ ಒಂದು ಸಾಮ್ಯ ಮಾರ್ಕನ ಸುವಾರ್ತೆಯಲ್ಲಿ ಮಾತ್ರ ಇದೆ. ಒಬ್ಬ ಮನುಷ್ಯ ಬೀಜ ಬಿತ್ತುತ್ತಾನೆ. ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೆ ತಿಳಿಯದು. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆಯ ತುಂಬ ಕಾಳು. ಗಲಾತ್ಯದವರಿಗೆ ಬರೆದ ಪತ್ರದಲ್ಲಿಯೂ ಸಂತೋಷವನ್ನು ಪವಿತ್ರಾತ್ಮನ ಫಲ ಎಂದೇ ಕರೆದಿದೆ; ಪ್ರೀತಿಯ ಮಗ್ಗುಲಲ್ಲಿ, ಸಮಾಧಾನದ ಈಚೆಗೆ ಅದರ ಜಾಗ. ಹಣ್ಣನ್ನು ಮಾಗು ಮಾಗು ಎಂದರೆ ಮಾಗುವುದಿಲ್ಲ. ನಾನು ಎಷ್ಟು ಬೆಳೆದೆ ಎಂದು ದಿನಾ ಅಳೆದುಕೊಳ್ಳುತ್ತಿದ್ದ ವರ್ಷದಲ್ಲಿ ನನ್ನೊಳಗೆ ಏನೂ ಬೆಳೆಯುತ್ತಿರಲಿಲ್ಲ. ಬಟ್ಟಲು ಒರೆಸುತ್ತ ಇನ್ನೊಬ್ಬಳ ಉಸಿರಿನ ಬಗ್ಗೆ ಯೋಚಿಸಿದ ಸಂಜೆ ಯಾವುದೋ ಮೊಳಕೆ ಒಡೆಯಿತು. ಅದು ಹೇಗೆಂದು ನನಗೂ ತಿಳಿಯದು. ದೇವರ ಕೃಪೆ ಎನ್ನುತ್ತೇನೆ.

ಕೃಪೆ ಎಂದಾಗ ಇನ್ನೊಂದು ನೆನಪಾಯಿತು. ಗ್ರೀಕ್ ಭಾಷೆಯಲ್ಲಿ ಸಂತೋಷಕ್ಕೆ ‘ಖರಾ’ ಎನ್ನುತ್ತಾರೆ, ಕೃಪೆಗೆ ‘ಖಾರಿಸ್’, ಕೃತಜ್ಞತೆ ಸಲ್ಲಿಸುವುದಕ್ಕೆ ‘ಯೂಖರಿಸ್ತಿಯ’. ಮೂರೂ ಒಂದೇ ಬೇರಿನ ಪದಗಳು. ಆ ಮೂರನೆಯ ಪದವನ್ನು ಸಭೆ ಬಹಳ ಹಿಂದೆಯೇ ಕರ್ತನ ಭೋಜನಕ್ಕೆ ಹೆಸರಾಗಿ ಇಟ್ಟುಕೊಂಡಿತು. ನಾವಿಬ್ಬರೂ ಅಂದು ತೊಳೆದದ್ದು ಆ ಮೇಜಿನ ಬಟ್ಟಲುಗಳನ್ನೇ.

ಯುವೊದ್ಯ, ಸಂತುಕೆ ಆಮೇಲೆ ಒಂದಾದರೇ? ಬೈಬಲ್ ಅದನ್ನು ಹೇಳುವುದಿಲ್ಲ. ಆದರೆ ಪೌಲ ಆ ಪತ್ರದಲ್ಲಿ ಮೂರನೆಯ ಒಬ್ಬ ವ್ಯಕ್ತಿಯನ್ನು ಕರೆದು, ಈ ಹೆಂಗಸರಿಗೆ ನೆರವಾಗು ಎಂದು ಕೇಳಿಕೊಳ್ಳುತ್ತಾನೆ. ಆ ವ್ಯಕ್ತಿಗೆ ಬಳಸಿರುವ ಗ್ರೀಕ್ ಪದಕ್ಕೆ, ಒಂದೇ ನೊಗಕ್ಕೆ ಹೆಗಲು ಕೊಟ್ಟ ಜೋಡಿ ಎಂದು ಅರ್ಥ. ಪಟ್ಟಿ ಬರೆಯುತ್ತಿದ್ದ ಆ ತಾಯಿಯನ್ನು ನಾನು ಆ ಪದದಿಂದಲೇ ನೆನೆಯುತ್ತೇನೆ. ಅವರು ನನಗೆ ಬುದ್ಧಿ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ಬೇಕೆಂದೇ ಹಾಗೆ ಬರೆದಿರಾ ಎಂದು ಒಮ್ಮೆ ಕೇಳಿದ್ದೆ. ನನ್ನ ಕೈ ಹಿಡಿದು ಸುಮ್ಮನೆ ನಕ್ಕರು.

ಅವರು ಈಗ ಕರ್ತನ ಬಳಿ ಇದ್ದಾರೆ. ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಮ್ಮ ಸಭೆಯಲ್ಲಿ ಈಚೆಗೆ ಇಬ್ಬರು ಒಬ್ಬರನ್ನೊಬ್ಬರು ನೋಡದ ಹಾಗೆ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದಾರೆ. ಬರುವ ಶನಿವಾರದ ಸಾಲಿನಲ್ಲಿ ಅವರ ಹೆಸರನ್ನು ಅಕ್ಕಪಕ್ಕ ಬರೆದಿದ್ದೇನೆ. ಇವತ್ತು ಸಂಜೆ ಅದನ್ನು ಬಾಗಿಲ ಬಳಿ ಅಂಟಿಸಬೇಕು.

ನಮಸ್ಕಾರ.